ಆಟ ಮುಗಿದ ಮೇಲೆ ಉಳಿಯುವ ದನಿ

ಆಟವೆಂಬುದು ಮುಗಿಯುವುದಕ್ಕೆಂದೇ ಮೊದಲಾಗುತ್ತದೆ. ಸಂಜೆಯಾಗುತ್ತದೆ, ಗೆದ್ದವರು ಕುಣಿಯುತ್ತಾರೆ, ಸೋತವರು ತಲೆ ತಗ್ಗಿಸುತ್ತಾರೆ, ಜನ ಚದುರುತ್ತಾರೆ. ಮೈದಾನದಲ್ಲಿ ಕಡಲೆಕಾಯಿಯ ಸಿಪ್ಪೆಯೂ ಹರಿದ ಚೀಟಿಗಳೂ ಉಳಿಯುತ್ತವೆ. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿಗಳ ಪಟ್ಟಿಯೇ ಆ ಆಟಕ್ಕೆ ಸಲ್ಲಬೇಕಾದ ಶ್ರಾದ್ಧವೆಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆದರೆ ಕಳೆದ ಶತಮಾನದಲ್ಲಿ ರೇಡಿಯೋ ಬಂದಿತು; ಅದರ ಬೆನ್ನಿಗೇ ಟೆಲಿವಿಷನ್ ಬಂದಿತು. ಆಟ ಮೈದಾನದ ಬೇಲಿಯನ್ನು ದಾಟಿ, ದನಿಯಾಗಿ, ನೆರಳಾಗಿ, ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಆ ದನಿಯೂ ಆ ನೆರಳೂ ಆಮೇಲೆ ಏನಾದವು? ಯಾರು ಅವನ್ನು ಕಾಪಾಡಿದರು, ಯಾರು ಅಳಿಸಿದರು? ಈ ವಾರ ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡಬೇಕೆಂದು ನನಗೆ ತೋರಿದೆ. ಇದಕ್ಕಾಗಿ ನಾನು ಆರಿಸಿಕೊಂಡಿರುವುದು ನಮ್ಮ ಕ್ರಿಕೆಟ್ಟನ್ನಲ್ಲ, ಅಮೆರಿಕದ ಬೇಸ್‌ಬಾಲನ್ನು. ದೂರದವರ ಮನೆಯ ಕಥೆಯಲ್ಲಿ ನಮ್ಮ ಮನೆಯ ತಪ್ಪು ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು.

ಬೇಸ್‌ಬಾಲ್ ಮೈದಾನವನ್ನು ನಾನು ಕಣ್ಣಾರೆ ಕಂಡವನಲ್ಲ. ಆ ಆಟದ ಕೆಲವು ಹಳೆಯ ಧ್ವನಿಮುದ್ರಣಗಳನ್ನು ಕೇಳಿದ್ದೇನೆ, ಅಷ್ಟೆ. ಆದರೂ ಅದು ರೇಡಿಯೋಗೆ ಎಷ್ಟು ಚೆನ್ನಾಗಿ ಒಗ್ಗುತ್ತದೆಂಬುದು ಕೇಳಿದವನಿಗೆ ಬೇಗನೆ ತಿಳಿಯುತ್ತದೆ. ಎರಡು ತಂಡಗಳು ಸರದಿಯಂತೆ ಒಂಬತ್ತು ಸಲ ದಾಂಡು ಹಿಡಿಯುತ್ತವೆ. ಎಸೆತಗಾರ ಚೆಂಡನ್ನು ಎಸೆಯುತ್ತಾನೆ. ದಾಂಡಿಗ ಬೀಸುತ್ತಾನೆ, ಇಲ್ಲವೆ ಬಿಡುತ್ತಾನೆ. ಒಂದು ಎಸೆತಕ್ಕೂ ಮತ್ತೊಂದಕ್ಕೂ ನಡುವೆ ಬಿಡುವು ಧಾರಾಳ. ಆ ಬಿಡುವಿನಲ್ಲಿ ವಿವರಣಕಾರರು ಮೋಡದ ಬಣ್ಣವನ್ನು ಹೇಳುತ್ತಾರೆ, ಆಟಗಾರನ ಹುಟ್ಟೂರನ್ನು ಹೇಳುತ್ತಾರೆ, ಒಮ್ಮೊಮ್ಮೆ ಏನನ್ನೂ ಹೇಳದೆ ಸುಮ್ಮನಿರುತ್ತಾರೆ. ಹಿನ್ನೆಲೆಯಲ್ಲಿ ಜನಸಮೂಹ ಕಡಲಿನಂತೆ ಮೊರೆಯುತ್ತಿರುತ್ತದೆ. ಕುರುಡು ದೊರೆಗೆ ಕುರುಕ್ಷೇತ್ರವನ್ನು ಕಾಣಿಸಿಕೊಟ್ಟ ಸಂಜಯನ ಕೆಲಸವೇ ಇದು.

ಆ ಕೆಲಸಕ್ಕೆ ನಾಂದಿಯಾದದ್ದು 1921ರ ಆಗಸ್ಟ್ 5ರಂದು. ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ರೇಡಿಯೋ ನಿಲಯದ ಹೆರಾಲ್ಡ್ ಆರ್ಲಿನ್ ಎಂಬ ತರುಣ, ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಕುಳಿತು, ಪಿಟ್ಸ್‌ಬರ್ಗ್ ಮತ್ತು ಫಿಲಡೆಲ್ಫಿಯಾ ತಂಡಗಳ ಆಟವನ್ನು ಕೇಳುಗರಿಗೆ ವಿವರಿಸಿದ. ಪಿಟ್ಸ್‌ಬರ್ಗ್ 8–5ರಿಂದ ಗೆದ್ದಿತು. ಅಂಕಿ ನಮಗೆ ಗೊತ್ತಿದೆ. ಮುಂದೆ ವಿವರಣಕಾರರು ಮೈದಾನಕ್ಕೆ ಹೋಗಲಾಗದ ಕಡೆಯಲ್ಲಿಯೂ ಆಟವನ್ನು ಕೇಳಿಸಿದರು. ತಂತಿಯ ಮೂಲಕ ಬಂದ ಚುಟುಕು ಸುದ್ದಿಯನ್ನು ಹಿಡಿದುಕೊಂಡು, ದೂರದ ನಿಲಯದ ಕೋಣೆಯಲ್ಲಿ ಕುಳಿತು, ಆಟವನ್ನು ಕಣ್ಣೆದುರಿಗೆ ನಡೆಯುತ್ತಿರುವಂತೆ ಕಟ್ಟಿ ಹೇಳುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಐಯೋವ ರಾಜ್ಯದ ಡೆ ಮಾಯ್ನ್ ಊರಿನಲ್ಲಿ ಈ ಕೆಲಸ ಮಾಡುತ್ತಿದ್ದರು. ಒಮ್ಮೆ ನಡುವೆಯೇ ತಂತಿ ಕೆಟ್ಟುಹೋದಾಗ, ದಾಂಡಿಗನೊಬ್ಬ ಚೆಂಡನ್ನು ಗೆರೆಯ ಆಚೆಗೆ ಹೊಡೆಯುತ್ತಲೇ ಇದ್ದಾನೆಂದು ಹೇಳಿ ನಿಮಿಷಗಟ್ಟಲೆ ಕಾಲ ತಳ್ಳಿದ್ದನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ.

ಇಂತಹ ಸಾವಿರಾರು ಮಧ್ಯಾಹ್ನಗಳ ಮಾತಿನಲ್ಲಿ ಬಹುಪಾಲು ಗಾಳಿಯಲ್ಲಿಯೇ ಕರಗಿಹೋಯಿತು. ಸಂಜಯನ ಮಾತು ಉಳಿದದ್ದು ವ್ಯಾಸರು ಅದನ್ನು ಕಾವ್ಯದಲ್ಲಿ ಹಿಡಿದಿಟ್ಟುದರಿಂದ; ಈ ಸಂಜಯರಿಗೆ ವ್ಯಾಸರಿರಲಿಲ್ಲ. ಆ ಕಾಲದ ದೊಡ್ಡ ರೇಡಿಯೋ ಜಾಲಗಳಿಗೆ ಮುದ್ರಿತ ದನಿಯೆಂದರೆ ತಾತ್ಸಾರವಿತ್ತು; ಸಾಕ್ಷಾತ್ ಪ್ರಸಾರವೇ ಶ್ರೇಷ್ಠವೆಂಬ ಅಭಿಮಾನವಿತ್ತು. ಮುದ್ರಿಸುವುದಾದರೂ ಸುಲಭವಾಗಿರಲಿಲ್ಲ. ಅಲ್ಯೂಮಿನಿಯಮ್ ತಟ್ಟೆಗೆ ಅರಗಿನಂತಹ ಲೇಪವನ್ನು ಬಳಿದು ಅದರ ಮೇಲೆ ಮುಳ್ಳಿನಿಂದ ದನಿಯನ್ನು ಕೊರೆಯಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಮ್ ವಿಮಾನಗಳಿಗೆ ಬೇಕಾಯಿತು. ಆಗ ಗಾಜಿನ ತಟ್ಟೆಗಳು ಬಂದವು. ಕೈತಪ್ಪಿ ಒಂದು ತಟ್ಟೆ ಬಿದ್ದರೆ ಒಂದು ಆಟದ ಕಾಲು ಭಾಗ ಚೂರುಚೂರು.

ಆದರೂ ಒಂದು ದಿನ ಇಡಿಯಾಗಿ ಉಳಿದಿದೆ. 1939ರ ಸೆಪ್ಟೆಂಬರ್ 21ರಂದು ವಾಷಿಂಗ್ಟನ್ನಿನ ಡಬ್ಲ್ಯುಜೆಎಸ್‌ವಿ ನಿಲಯ, ಬೆಳಗಿನಿಂದ ನಡುರಾತ್ರಿಯವರೆಗೆ ತಾನು ಪ್ರಸಾರ ಮಾಡಿದುದೆಲ್ಲವನ್ನೂ ರಾಷ್ಟ್ರೀಯ ಪತ್ರಾಗಾರಕ್ಕಾಗಿ ಹದಿನಾರು ಅಂಗುಲದ ತಟ್ಟೆಗಳಲ್ಲಿ ಮುದ್ರಿಸಿಟ್ಟಿತು. ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡು ಮೂರು ವಾರವೂ ಆಗಿರಲಿಲ್ಲ. ಅಂದು ಅಧ್ಯಕ್ಷ ರೂಸ್‌ವೆಲ್ಟರು ಸಂಸತ್ತಿನೆದುರು ಮಾಡಿದ ಭಾಷಣ ಆ ತಟ್ಟೆಗಳಲ್ಲಿದೆ. ಅದರ ಜೊತೆಗೇ ಸಾಬೂನಿನ ಜಾಹೀರಾತು ಇದೆ, ಹೆಂಗಸರ ಮಧ್ಯಾಹ್ನದ ಧಾರಾವಾಹಿ ಇದೆ, ಕ್ಲೀವ್‌ಲೆಂಡ್ ಮತ್ತು ವಾಷಿಂಗ್ಟನ್ ತಂಡಗಳ ಬೇಸ್‌ಬಾಲ್ ಆಟವೂ ಇದೆ. ಆ ವರ್ಷದ ಪಟ್ಟ ಈ ಎರಡು ತಂಡಗಳಲ್ಲಿ ಯಾವುದಕ್ಕೂ ದಕ್ಕಲಿಲ್ಲ. ಆದುದರಿಂದ ಅದು ಯಾರೂ ಕೂಡಿಡಬೇಕೆಂದು ಹೊರಡದ ಆಟ. ನನಗೆ ಅದರ ಬೆಲೆ ಇರುವುದೇ ಅಲ್ಲಿ. ಭಾಷಣದಿಂದ ಆ ದಿನದ ರಾಜಕೀಯ ತಿಳಿಯುತ್ತದೆ. ಯುದ್ಧದ ಹೊಸ್ತಿಲಲ್ಲಿ ನಿಂತ ಸಾಮಾನ್ಯ ಸಂಸಾರವೊಂದು ಸಂಜೆಯ ಹೊತ್ತಿಗೆ ಏನನ್ನು ಕೇಳುತ್ತ ಕುಳಿತಿತ್ತೆಂಬುದು ಈ ಆಟದಿಂದ ತಿಳಿಯುತ್ತದೆ.

ಪ್ರಖ್ಯಾತ ಆಟಗಳಾದರೂ ಉಳಿದುವೆ? ಅವು ಉಳಿದ ಬಗೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1951ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸಿನಲ್ಲಿ ಜಯಂಟ್ಸ್ ತಂಡಕ್ಕೂ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೂ ನಿರ್ಣಾಯಕ ಪಂದ್ಯ. ಕೊನೆಯ ಸರದಿಯಲ್ಲಿ ಹಿಂದೆ ಬಿದ್ದಿದ್ದ ಜಯಂಟ್ಸ್ ತಂಡವನ್ನು ಬಾಬಿ ಥಾಮ್ಸನ್ ಒಂದೇ ಹೊಡೆತದಿಂದ 5–4ಕ್ಕೆ ಗೆಲ್ಲಿಸಿದ. ವಿವರಣಕಾರ ರಸ್ ಹಾಡ್ಜಸ್, ಜಯಂಟ್ಸ್ ಗೆದ್ದರೆಂಬ ಒಂದೇ ಮಾತನ್ನು ಗಂಟಲು ಬಿರಿಯುವಂತೆ ಮತ್ತೆ ಮತ್ತೆ ಕೂಗಿದರು. ಅಮೆರಿಕದ ಕ್ರೀಡಾಪ್ರಸಾರಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದ ಕೂಗು ಇನ್ನೊಂದಿರಲಾರದು. 2020ರಲ್ಲಿ ಅಲ್ಲಿನ ಸಂಸತ್ತಿನ ಗ್ರಂಥಾಲಯ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆದರೆ ಅದನ್ನು ಹಿಡಿದಿಟ್ಟದ್ದು ಪ್ರಸಾರ ಮಾಡಿದ ನಿಲಯವಲ್ಲ. ಬ್ರೂಕ್ಲಿನ್ನಿನ ಕೇಳುಗನೊಬ್ಬ, ತಾನು ಕೆಲಸಕ್ಕೆ ಹೋಗಬೇಕಾಗಿದ್ದುದರಿಂದ, ಆಟದ ಕೊನೆಯಲ್ಲಿ ಟೇಪಿನ ಯಂತ್ರವನ್ನು ನಡೆಸೆಂದು ತಾಯಿಗೆ ಹೇಳಿಹೋಗಿದ್ದ. ಆಕೆ ಮರೆಯದೆ ಗುಂಡಿ ಒತ್ತಿದಳು. ಅದೇ ಆಟವನ್ನು ಟೆಲಿವಿಷನ್ನಿನಲ್ಲಿ ವಿವರಿಸಿದವರು ಅರ್ನಿ ಹಾರ್ವೆಲ್. ಅವರ ಪ್ರಸಾರ ದೇಶದ ಒಂದು ಕರಾವಳಿಯಿಂದ ಮತ್ತೊಂದು ಕರಾವಳಿಯವರೆಗೆ ಹೋಯಿತು. ಆದರೆ ಆ ಘಳಿಗೆಯ ಅವರ ದನಿ ಉಳಿಯಲಿಲ್ಲ. ಇಂದು ನಾವು ನೋಡುವುದು ವಾರ್ತಾಚಿತ್ರದವರು ತೆಗೆದ ದೃಶ್ಯಕ್ಕೆ ಹಾಡ್ಜಸರ ರೇಡಿಯೋ ದನಿಯನ್ನು ಜೋಡಿಸಿದ ಕೂಡಿಕೆ.

ಟೆಲಿವಿಷನ್ನಿನ ಕಥೆ ಇನ್ನೂ ಕರುಣಾಜನಕ. ಬೇಸ್‌ಬಾಲಿನ ದೊಡ್ಡ ಲೀಗಿನ ಆಟ ಮೊದಲು ತೆರೆಯ ಮೇಲೆ ಕಂಡದ್ದು 1939ರ ಆಗಸ್ಟ್ 26ರಂದು. ಆಗ ಪ್ರಸಾರವನ್ನು ಉಳಿಸಿಕೊಳ್ಳುವ ಉಪಾಯವೇ ಇರಲಿಲ್ಲ. ಆಮೇಲೆ, ಟೆಲಿವಿಷನ್ ತೆರೆಯ ಮುಂದೆ ಚಲನಚಿತ್ರದ ಕ್ಯಾಮೆರಾ ಇಟ್ಟು ಚಿತ್ರೀಕರಿಸುವ ಕ್ರಮ ಬಂದಿತು; ಅದಕ್ಕೆ ಕಿನೆಸ್ಕೋಪ್ ಎಂದು ಹೆಸರು. 1956ರಲ್ಲಿ ಆಂಪೆಕ್ಸ್ ಸಂಸ್ಥೆಯ ಎರಡು ಅಂಗುಲ ಅಗಲದ ವಿಡಿಯೋ ಟೇಪು ಬಳಕೆಗೆ ಬಂದಿತು. ಇನ್ನು ಎಲ್ಲವೂ ಉಳಿಯುತ್ತದೆಂದು ಯಾರಾದರೂ ಎಣಿಸಬಹುದಾಗಿತ್ತು. ಆದದ್ದು ತಿರುಗುಮುರುಗು. ಟೇಪಿನ ಬೆಲೆ ಹೆಚ್ಚು. ಅದರ ಗುಣವೆಂದರೆ ಅಳಿಸಿ ಮತ್ತೆ ಬರೆಯಬಹುದು. ನಿನ್ನೆಯ ಆಟದ ಮೇಲೆ ಇಂದಿನ ನಾಟಕ, ಇಂದಿನ ನಾಟಕದ ಮೇಲೆ ನಾಳಿನ ಸುದ್ದಿ. ವರ್ಷಾಂತ್ಯದ ಮಹಾಪಂದ್ಯಾವಳಿಯಾದ ವರ್ಲ್ಡ್ ಸೀರೀಸಿನ ಪ್ರಸಾರಗಳು ಸಹ ಬಿಟ್ಟೂಬಿಡದೆ ಉಳಿದಿರುವುದು 1975ರಿಂದ ಈಚೆಗೆ. ಅದೇ ಪಂದ್ಯಾವಳಿಯಲ್ಲಿ 1956ರ ಅಕ್ಟೋಬರ್ 8ರಂದು ಡಾನ್ ಲಾರ್ಸೆನ್ ಎದುರಾಳಿಯ ಇಪ್ಪತ್ತೇಳು ದಾಂಡಿಗರಲ್ಲಿ ಒಬ್ಬನನ್ನೂ ಮೊದಲ ನೆಲೆಗೆ ಮುಟ್ಟಗೊಡದೆ ಎಸೆದ ಆಟದ ಕಿನೆಸ್ಕೋಪ್ ಖಾಸಗಿ ಸಂಗ್ರಾಹಕರೊಬ್ಬರ ಕೈಗೆ ಸಿಕ್ಕಿತು. ಅದರಲ್ಲಿಯೂ ಮೊದಲ ಸರದಿ ಇಲ್ಲ. 2009ರ ಜನವರಿ 1ರಂದು ಬೇಸ್‌ಬಾಲಿಗೆಂದೇ ಹೊಸ ಟೆಲಿವಿಷನ್ ವಾಹಿನಿ ಆರಂಭವಾದಾಗ ಅದು ತೋರಿಸಿದ್ದು ಈ ಚಿತ್ರವನ್ನು.

ಅಳಿಸಿದವರನ್ನು ದೂರುವ ಮುನ್ನ ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ಟಿತ್ತು. ನನ್ನ ಸೋದರತ್ತೆ ಮದುವೆಮನೆಗಳಲ್ಲಿ ಹೇಳುತ್ತಿದ್ದ ಹಸೆಯ ಹಾಡುಗಳನ್ನು ಯಾರೋ ಅದರಲ್ಲಿ ಮುದ್ರಿಸಿದ್ದರು. ಒಂದು ದಿನ ರೇಡಿಯೋದಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ರಂಗೇರಿತು. ಖಾಲಿ ಕ್ಯಾಸೆಟ್ಟು ಕೈಗೆ ಸಿಗಲಿಲ್ಲ. ನಾನು ಅದನ್ನೇ ತುರುಕಿ ಕೆಂಪು ಗುಂಡಿಯನ್ನು ಒತ್ತಿದೆ. ವಿಷಯ ತಿಳಿದಾಗ ಅಪ್ಪ ಗದರಿದರು. ಅತ್ತೆ ಮಾತ್ರ ನಕ್ಕು, “ಹುಡುಗನನ್ನು ಬೈಯಬೇಡಣ್ಣ. ಹಾಡು ನನ್ನ ಹತ್ತಿರವೇ ಇದೆಯಲ್ಲ, ಇನ್ನೊಂದು ಸಲ ಹೇಳಿದರಾಯಿತು” ಎಂದರು. ಆ ಇನ್ನೊಂದು ಸಲ ಬರಲೇ ಇಲ್ಲ. ಅತ್ತೆ ತೀರಿಕೊಂಡು ಬಹಳ ವರ್ಷಗಳಾದುವು. ಆ ಕ್ಯಾಸೆಟ್ಟಿನ ಕ್ರಿಕೆಟ್ಟಿನ ಮೇಲೂ ಯಾರೋ ಚಿತ್ರಗೀತೆಗಳನ್ನು ತುಂಬಿದರು. ಹಾಡೂ ಹೋಯಿತು, ಆಟವೂ ಹೋಯಿತು. ಅಮೆರಿಕದ ನಿಲಯಗಳವರು ದುಷ್ಟರಲ್ಲ. ನಾನು ಮಾಡಿದ್ದನ್ನೇ ಅವರೂ ಮಾಡಿದರು. ನಾಳೆಯೂ ಆಟವಿದೆ, ಇನ್ನೊಂದು ಸಲ ಕೇಳಿದರಾಯಿತು ಎಂದುಕೊಂಡರು. ಕಳೆದುಹೋಗುತ್ತಿದೆಯೆಂದು ಆ ಕ್ಷಣದಲ್ಲಿ ಯಾರಿಗೂ ಅನಿಸುವುದಿಲ್ಲ, ಅಪಾಯವಿರುವುದೇ ಅಲ್ಲಿ.

ಇದಕ್ಕೆ ವ್ಯತಿರಿಕ್ತವಾಗಿ ನಡೆದುಕೊಂಡವರೊಬ್ಬರ ಕಥೆಯನ್ನು ಹೇಳಬೇಕು. ಗಾಯಕ ಬಿಂಗ್ ಕ್ರಾಸ್ಬಿ ಪಿಟ್ಸ್‌ಬರ್ಗ್ ತಂಡದ ಒಡೆಯರಲ್ಲಿ ಒಬ್ಬರು. 1960ರ ವರ್ಲ್ಡ್ ಸೀರೀಸ್ ಏಳನೆಯ ಹಾಗೂ ಕೊನೆಯ ಆಟಕ್ಕೆ ಬಂದಾಗ ಅವರಿಗೆ ಅದನ್ನು ನೋಡುವ ಎದೆಗಾರಿಕೆ ಉಳಿಯಲಿಲ್ಲ. ಪ್ಯಾರಿಸ್ಸಿಗೆ ಹೊರಟುಹೋದರು, ಆದರೆ ಗೆದ್ದರೆ ಆಮೇಲೆ ನೋಡೋಣವೆಂದು ಪ್ರಸಾರದ ಕಿನೆಸ್ಕೋಪ್ ತೆಗೆಸಲು ಏರ್ಪಾಡು ಮಾಡಿ ಹೋದರು. ಅಕ್ಟೋಬರ್ 13ರಂದು ಬಿಲ್ ಮ್ಯಾಜರಾಸ್ಕಿಯ ಕೊನೆಯ ಹೊಡೆತದಿಂದ ಪಿಟ್ಸ್‌ಬರ್ಗ್ 10–9ರಿಂದ ಗೆದ್ದಿತು. ಆ ಆಟದ ಪೂರ್ಣ ಚಿತ್ರ ನಷ್ಟವಾಯಿತೆಂದೇ ಎಲ್ಲರೂ ನಂಬಿದ್ದರು. 2009ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಅವರ ಮನೆಯಲ್ಲಿ, ದ್ರಾಕ್ಷಾಮದ್ಯವನ್ನು ಇಡುತ್ತಿದ್ದ ತಂಪಾದ ನೆಲಮಾಳಿಗೆಯಲ್ಲಿ, ಅದರ ಐದು ಸುರುಳಿಗಳು ಸಿಕ್ಕಿದುವು. ಇದೇ ಕ್ರಾಸ್ಬಿ 1940ರ ದಶಕದ ಕೊನೆಯಲ್ಲಿ, ಟೇಪಿನ ಯಂತ್ರವಿನ್ನೂ ಹೊಸದಾಗಿದ್ದಾಗ, ಆಂಪೆಕ್ಸ್ ಸಂಸ್ಥೆಗೆ 50,000 ಡಾಲರ್ ಕೊಟ್ಟು ಅದನ್ನು ಬೆಳೆಸಿದವರು. ದನಿಯನ್ನು ಹಿಡಿದಿಡಬಹುದೆಂಬ ನಂಬಿಕೆ ಆ ಮನುಷ್ಯನಿಗಿತ್ತು. ಆದರೆ ಒಂದು ರಾಷ್ಟ್ರದ ನೆನಪು ಒಬ್ಬ ಶ್ರೀಮಂತನ ಅಳ್ಳೆದೆಯನ್ನೂ ಅವನ ನೆಲಮಾಳಿಗೆಯ ತಂಪನ್ನೂ ನೆಚ್ಚಿಕೊಂಡಿರಬೇಕೆ?

ಅಂಕಿಗಳೆಲ್ಲ ಪುಸ್ತಕದಲ್ಲಿವೆ, ಇನ್ನು ಈ ದನಿಯಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ಅವರಿಗೆ 1947ರ ನೆನಪು ಮಾಡಿಕೊಡುತ್ತೇನೆ. ಅದುವರೆಗೆ ಕಪ್ಪು ಜನರನ್ನು ಹೊರಗಿಟ್ಟಿದ್ದ ದೊಡ್ಡ ಲೀಗಿನಲ್ಲಿ ಆ ವರ್ಷದ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಆಡಿದ. ಆ ತಂಡದ ವಿವರಣಕಾರ ರೆಡ್ ಬಾರ್ಬರ್ ಹುಟ್ಟಿದ್ದು ಮಿಸಿಸಿಪಿಯಲ್ಲಿ, ವರ್ಣಭೇದವೇ ಧರ್ಮವಾಗಿದ್ದ ದಕ್ಷಿಣದಲ್ಲಿ. ಇಂತಹ ಆಟಗಾರ ಬರಲಿದ್ದಾನೆಂದು ಮೊದಲೇ ತಿಳಿದಾಗ ಕೆಲಸ ಬಿಡುವ ಯೋಚನೆಯೂ ತನಗೆ ಬಂದಿತ್ತೆಂದು ಅವರೇ ಮುಂದೆ ಬರೆದರು. ಬಿಡಲಿಲ್ಲ, ಕುಳಿತು ಆಟವನ್ನು ನ್ಯಾಯವಾಗಿ ವಿವರಿಸಿದರು. ರಾಬಿನ್‌ಸನ್ ಎಷ್ಟು ಓಟ ಗಳಿಸಿದನೆಂದು ಪುಸ್ತಕ ಹೇಳುತ್ತದೆ. ದಕ್ಷಿಣದ ಉಚ್ಚಾರಣೆಯ ಆ ನಾಲಿಗೆ ಉಳಿದವರ ಹೆಸರಿನ ಜೊತೆಗೆ ಅವನ ಹೆಸರನ್ನೂ ಸಮನಾಗಿ, ಸಹಜವಾಗಿ ನುಡಿಯಿತೆಂಬುದನ್ನು ಯಾವ ಅಂಕಿಯೂ ಹೇಳಲಾರದು. ಆ ವರ್ಷದ ವರ್ಲ್ಡ್ ಸೀರೀಸಿನಲ್ಲಿ ಬಾರ್ಬರರ ದನಿ ಮುದ್ರಣವಾಗಿ ಉಳಿದಿರುವುದರಿಂದ ಅದನ್ನು ನಾವು ಕಿವಿಯಾರೆ ಕೇಳಬಹುದು. ಇದಕ್ಕೆ ಹಿಂದೆ ಕಪ್ಪು ಆಟಗಾರರು ತಮ್ಮದೇ ಲೀಗುಗಳಲ್ಲಿ ಆಡುತ್ತಿದ್ದರು. ಅವರ ಆಟ ರೇಡಿಯೋದಲ್ಲಿ ಕೇಳಿಬಂದದ್ದೇ ಅಪರೂಪ. ಜಾಷ್ ಗಿಬ್ಸನ್ ಎಂಬ ಮಹಾದಾಂಡಿಗ 1947ರ ಜನವರಿಯಲ್ಲಿ, ಬಾಗಿಲು ತೆರೆಯುವುದಕ್ಕೆ ಮೂರು ತಿಂಗಳ ಮೊದಲು, ತೀರಿಕೊಂಡ. ಪ್ರಸಾರವೇ ಆಗದ ಆಟವನ್ನು ಯಾವ ನೆಲಮಾಳಿಗೆಯಿಂದ ತೆಗೆಯುವುದು? ಯಾರ ದನಿ ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದೂ ಇತಿಹಾಸವೇ ಆಗಿದೆ.

ಮೈದಾನಗಳಾದರೂ ಉಳಿದುವೆ? ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಕೆಡವಿದರು. ಪೋಲೋ ಗ್ರೌಂಡ್ಸನ್ನು 1964ರಲ್ಲಿ, ಫೋರ್ಬ್ಸ್ ಫೀಲ್ಡನ್ನು 1971ರಲ್ಲಿ. ಆ ಗೋಡೆಗಳ ನಡುವೆ ಜನರ ಕೂಗು ಹೇಗೆ ಪ್ರತಿಧ್ವನಿಸುತ್ತಿತ್ತೆಂಬುದು ಈಗ ಮುದ್ರಣದಲ್ಲಿ ಮಾತ್ರ ಇದೆ. ಇದನ್ನು ಮುಂಚಿತವಾಗಿ ಅರಿತವರಲ್ಲಿ ವಿನ್ ಸ್ಕಲಿ ಒಬ್ಬರು. 1950ರಿಂದ 2016ರವರೆಗೆ ಅರವತ್ತೇಳು ಋತುಗಳ ಕಾಲ ಒಂದೇ ತಂಡದ ಆಟಗಳನ್ನು ವಿವರಿಸಿದವರು ಅವರು. 1965ರ ಸೆಪ್ಟೆಂಬರ್ 9ರಂದು ಸ್ಯಾಂಡಿ ಕೂಫ್ಯಾಕ್ಸ್ ಒಬ್ಬ ದಾಂಡಿಗನನ್ನೂ ನೆಲೆ ಮುಟ್ಟಗೊಡದೆ ಕೊನೆಯ ಸರದಿಗೆ ಬಂದಾಗ, ಆ ಎಸೆತಗಾರನಿಗೆ ನೆನಪಿನ ಕಾಣಿಕೆಯಾಗಿ ಕೊಡಲೆಂದು ಸ್ಕಲಿ ತಮ್ಮ ವಿವರಣೆಯನ್ನು ಮುದ್ರಿಸಿದರು; ಮುಂದೆ ಕೇಳುವವರಿಗೆ ತಿಳಿಯಲೆಂದು ದಿನಾಂಕವನ್ನೂ ಗಡಿಯಾರದ ಹೊತ್ತನ್ನೂ ಹೇಳುತ್ತ ಹೋದರು. ಹುಟ್ಟದ ಕೇಳುಗನನ್ನು ಉದ್ದೇಶಿಸಿ ಆಡಿದ ಮಾತು ಅದು. ಅವರು 2022ರಲ್ಲಿ ತೀರಿಕೊಂಡರು. ಆ ಸರದಿ ಇದೆ.

ನಮ್ಮಲ್ಲಿ ಈ ನೋವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸಿನಲ್ಲಿ, ಜಿಂಬಾಬ್ವೆಯೆದುರು 17 ಓಟಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಕಪಿಲ್ ದೇವ್ ತಮ್ಮ ಅಜೇಯ 175ರಿಂದ ಎತ್ತಿ ನಿಲ್ಲಿಸಿದರು. ಒಂಬತ್ತನೆಯ ವಿಕೆಟ್ಟಿಗೆ ಅವರೊಡನೆ 126 ಓಟಗಳ ಮುರಿಯದ ಜೊತೆಯಾಟ ಆಡಿದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಅಲ್ಲಿ ಟೆಲಿವಿಷನ್ ಕ್ಯಾಮೆರಾ ಇರಲಿಲ್ಲ. ವಿಶ್ವಕಪ್ಪನ್ನು ಗೆದ್ದುಕೊಟ್ಟ ದಾರಿಯಲ್ಲಿನ ಆ ಮಹಾಘಟನೆಯನ್ನು ನಾವು ಅಂಕಿಗಳಿಂದಲೂ ಕಂಡವರ ಮಾತಿನಿಂದಲೂ ಕಲ್ಪಿಸಿಕೊಳ್ಳುತ್ತಿದ್ದೇವೆ.

ಎಲ್ಲವನ್ನೂ ಕೂಡಿಡಲಾದೀತೆ, ಕೂಡಿಟ್ಟರೆ ಕೇಳುವವರಾರು ಎಂಬ ಆಕ್ಷೇಪಣೆ ಬರಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಯಾವುದು ಬೆಲೆಯುಳ್ಳದ್ದೆಂದು ಅಂದೇ ತೀರ್ಮಾನಿಸಲು ನಮಗೆ ಬರುವುದಿಲ್ಲವೆಂಬುದಕ್ಕೆ ಮೇಲಿನ ಕಥೆಗಳೇ ಸಾಕ್ಷಿ. ಹೊಡೆತವೊಂದರ ಕೂಗನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರೆ ಸಾಲದು. ಅದರ ಹಿಂದಿನ ಎರಡು ಗಂಟೆಗಳ ಬೇಸರ, ಜಾಹೀರಾತು, ಮಳೆಗಾಗಿ ನಿಂತ ಆಟ, ವಿವರಣಕಾರರ ತಪ್ಪು, ಇವೆಲ್ಲವೂ ಇದ್ದರೇನೇ ಆ ಕೂಗಿಗೆ ಅರ್ಥ.

ಕಾಲವೂ ಕಾಯುವುದಿಲ್ಲ. ಹಳೆಯ ತಟ್ಟೆಗಳ ಲೇಪ ಬಿರಿದು ಏಳುತ್ತಿದೆ; ಚಲನಚಿತ್ರದ ಸುರುಳಿಗಳು ಹುಳಿವಾಸನೆ ಹಿಡಿದು ಮುದುರುತ್ತಿವೆ; 1970ರ ದಶಕದ ಎಷ್ಟೋ ಟೇಪುಗಳು ತೇವವನ್ನು ಹೀರಿ ಅಂಟುಅಂಟಾಗಿವೆ. ಎರಡು ಅಂಗುಲದ ಟೇಪನ್ನು ಓದಬಲ್ಲ ಯಂತ್ರಗಳೂ ಅವನ್ನು ದುರಸ್ತಿ ಮಾಡಬಲ್ಲ ಕೈಗಳೂ ವಿರಳವಾಗಿವೆ. ಇದರ ಮೇಲೆ ಹಕ್ಕಿನ ತಕರಾರು: ಆಟದ ಸಂಸ್ಥೆ ತನ್ನದೆನ್ನುತ್ತದೆ, ನಿಲಯ ತನ್ನದೆನ್ನುತ್ತದೆ, ಅಟ್ಟದ ಮೇಲೆ ಸುರುಳಿ ಇಟ್ಟುಕೊಂಡ ಅಭಿಮಾನಿ ಕಳ್ಳನೆನಿಸಿಕೊಳ್ಳುವ ಭಯದಿಂದ ಬಾಯಿಬಿಡುವುದಿಲ್ಲ. 2018ರಲ್ಲಿ ಅಮೆರಿಕ ಮಾಡಿದ ಕಾನೂನಿನ ಪ್ರಕಾರ, 1972ಕ್ಕೆ ಹಿಂದಿನ ಧ್ವನಿಮುದ್ರಣಗಳಲ್ಲಿ ಹಲವಕ್ಕೆ 2067ರವರೆಗೂ ಹಕ್ಕಿನ ರಕ್ಷಣೆಯಿದೆ. ಆದರೆ ಮಾರುಕಟ್ಟೆಯಲ್ಲಿಲ್ಲದ ಮುದ್ರಣವನ್ನು, ತಕ್ಕ ತಿಳುವಳಿಕೆ ಕೊಟ್ಟು, ಲಾಭದ ಆಸೆಯಿಲ್ಲದೆ ಬಳಸುವುದಕ್ಕೂ ಅದೇ ಕಾನೂನು ಒಂದು ದಾರಿಯನ್ನು ಬಿಟ್ಟಿದೆ. ಆ ದಾರಿ ಅಗಲವಾಗಬೇಕು. ಸಂಸ್ಥೆಗಳು ಅಭಿಮಾನಿಯನ್ನು ಅಪರಾಧಿಯೆಂದು ಕಾಣದೆ, ತಾವು ಮಾಡಬೇಕಾಗಿದ್ದ ಕೆಲಸವನ್ನು ಮಾಡಿದವನೆಂದು ಗೌರವಿಸಿ, ಅವನ ಸುರುಳಿಯ ಪ್ರತಿ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸಬೇಕು. ಒಂದೇ ಕಡೆ ಒಂದೇ ಪ್ರತಿ ಎಂಬುದು ಇರಕೂಡದು. ಪ್ರತಿ ಮಾಡಿದುದನ್ನು ಬೀಗ ಹಾಕಿಡದೆ ಜನರ ಕಿವಿಗೆ ಮುಟ್ಟಿಸಬೇಕು.

ಬ್ರೂಕ್ಲಿನ್ನಿನ ಆ ತಾಯಿ ಇತಿಹಾಸವನ್ನು ಕಾಪಾಡಬೇಕೆಂದು ಗುಂಡಿ ಒತ್ತಿದವಳಲ್ಲ. ಮಗ ಹೇಳಿದ್ದ, ಒತ್ತಿದಳು. ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಆ ವಯಸ್ಸಿನಲ್ಲಿ ಕೇಳುತ್ತಿದ್ದೆನೆಂದು ಧೈರ್ಯವಾಗಿ ಹೇಳಲಾರೆ. ನಮ್ಮ ಮನೆಯ ಅಟ್ಟದ ಮೇಲೆ ಇನ್ನೂ ಒಂದು ಡಬ್ಬಿ ಕ್ಯಾಸೆಟ್ಟುಗಳಿವೆ. ಮೇಲಿನ ಚೀಟಿಗಳು ಮಾಸಿಹೋಗಿವೆ. ಒಳಗೆ ಯಾರ ದನಿ ಇದೆಯೋ ತಿಳಿಯದು. ಈ ಬರಹವನ್ನು ಮುಗಿಸಿದ ಮೇಲೆ ಅದನ್ನು ಕೆಳಗಿಳಿಸಿ ಒಂದೊಂದಾಗಿ ಕೇಳಬೇಕೆಂದಿದ್ದೇನೆ. ವಾಚಕರ ಮನೆಯಲ್ಲಿಯೂ ಅಂತಹ ಡಬ್ಬಿಯೊಂದು ಇದ್ದೀತು.